ಬೀಗವಿಲ್ಲದ ಬೀರು

ನಾವು ಓದಿದ ಪ್ರಾಥಮಿಕ ಶಾಲೆಗಳಲ್ಲಿ ಲೈಬ್ರರಿ ಎಂದರೆ ಹೆಡ್‌ಮಾಸ್ಟರ ಕೋಣೆಯಲ್ಲಿದ್ದ ಒಂದು ಬೀರು. ನಮ್ಮಿಬ್ಬರಲ್ಲಿ ಒಬ್ಬರದು ಹಾಸನದ ಕಡೆ, ಇನ್ನೊಬ್ಬರದು ಧಾರವಾಡದ ಕಡೆ. ಊರು, ಮಾತು, ಊಟ ಎಲ್ಲ ಬೇರೆ. ಬೀರು ಮಾತ್ರ ಒಂದೇ. ಹಸಿರು ಬಣ್ಣದ ಕಬ್ಬಿಣ, ಗಾಜಿನ ಬಾಗಿಲು, ದಪ್ಪನೆಯ ಬೀಗ. ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಬೀಗ ತೆಗೆದು ಪುಸ್ತಕಗಳ ಧೂಳು ಒರೆಸುವ ಕೆಲಸ ಮಕ್ಕಳದು. ಒರೆಸುವ ನೆಪದಲ್ಲಿ ಕದ್ದು ಓದಿದ ಒಂದೆರಡು ಪುಟಗಳೇ ನಮಗೆ ದಕ್ಕಿದ ಲೈಬ್ರರಿ. ಪುಸ್ತಕ ಕಳೆದರೆ ಹೆಡ್‌ಮಾಸ್ಟರ ಸಂಬಳದಲ್ಲಿ ಹಿಡಿಯುತ್ತಾರೆ ಎಂದು ಆಗ ಕೇಳಿದ್ದೆವು. ಬೀಗಕ್ಕೂ ಅದರದೇ ಕಾರಣವಿತ್ತು ಅನ್ನಿ.

ಈಗ ನಮ್ಮ ಮಗಳು ಇಲ್ಲಿ ಎರಡನೇ ತರಗತಿ. ಅವಳ ಶಾಲೆಯ ಲೈಬ್ರರಿಗೆ ವಾರಕ್ಕೊಂದು ಗಂಟೆ ನಾವಿಬ್ಬರೂ ಸರದಿಯ ಮೇಲೆ ಸ್ವಯಂಸೇವೆಗೆ ಹೋಗುತ್ತೇವೆ. ವಾಪಸು ಬಂದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವುದು ನಮ್ಮ ಕೆಲಸ. ದಿನವಿಡೀ ಕೋಡ್ ಬರೆಯುವವರಿಗೆ ಇದೇನು ಮಹಾ ಎಂದುಕೊಂಡು ಹೋದ ನಾವು, ಮೊದಲ ದಿನವೇ 597.3 ಮತ್ತು 597.96ರ ನಡುವೆ ದಾರಿ ತಪ್ಪಿದೆವು. ಮೊದಲನೆಯದು ಶಾರ್ಕ್, ಎರಡನೆಯದು ಹಾವು. ಡೈನೋಸಾರ್ 567.9ರಲ್ಲಿದೆ ಎಂದು ಅಲ್ಲಿನ ಆರು ವರ್ಷದ ಪೋರನಿಗೂ ಗೊತ್ತು.

ಲೈಬ್ರೇರಿಯನ್ ಅಮ್ಮನ ದಿನಚರಿ ನೋಡಿದರೆ ಸುಸ್ತಾಗುತ್ತದೆ. ಬೆಳಿಗ್ಗೆ ಕಿಂಡರ್‌ಗಾರ್ಟನ್ ಮಕ್ಕಳಿಗೆ ಕಥೆ: ಚಿತ್ರಗಳು ಮಕ್ಕಳತ್ತ ಇರುವಂತೆ ಪುಸ್ತಕವನ್ನು ಪಕ್ಕಕ್ಕೆ ಹಿಡಿದು, ತಾನು ಓರೆಗಣ್ಣಲ್ಲಿ ಓದಬೇಕು. ಆಮೇಲೆ ಮಕ್ಕಳ ಕೈಗೆ ಒಂದೊಂದು ಮರದ ಪಟ್ಟಿ. ಪುಸ್ತಕ ತೆಗೆದ ಜಾಗದಲ್ಲಿ ಅದನ್ನು ಸಿಕ್ಕಿಸಬೇಕು. ಪುಸ್ತಕ ಬೇಡವೆನಿಸಿದರೆ ಅದೇ ಜಾಗಕ್ಕೆ ಮರಳಿಸಬೇಕು. ನಡುವೆ ಹರಿದ ಪುಟಕ್ಕೆ ಅಂಟು, ಕಳೆದ ಪುಸ್ತಕಕ್ಕೆ ಅಳು, ಹಳತಾದವನ್ನು ಕಪಾಟಿನಿಂದ ತೆಗೆಯುವುದು, ಹೊಸದಕ್ಕೆ ಆರ್ಡರ್. ಪ್ಲೂಟೋ ಒಂಬತ್ತನೆಯ ಗ್ರಹ ಎನ್ನುವ ಪುಸ್ತಕ 2006ರ ನಂತರ ಅಲ್ಲಿರುವಂತಿಲ್ಲವಲ್ಲ!

ಒಮ್ಮೆ ಹುಡುಗನೊಬ್ಬ ಅದೇ ಶಾರ್ಕ್ ಪುಸ್ತಕವನ್ನು ಏಳನೆಯ ಸಲ ತೆಗೆದುಕೊಂಡ. ಬೇರೆಯದು ಕೊಡಬಾರದೇ ಎಂದು ಕೇಳಿದೆವು. "ಅವನು ಇನ್ನೂ ಮುಗಿಸಿಲ್ಲ, ಅಷ್ಟೆ" ಎಂದರು. ಇನ್ನೊಮ್ಮೆ, ಮಗಳು ಈ ವರ್ಷ ಏನೇನು ಓದಿದಳು ಎಂಬ ಪಟ್ಟಿ ಕೇಳಿದೆವು. ಪುಸ್ತಕ ವಾಪಸು ಬಂದೊಡನೆ ಆ ಮಗುವಿನ ಹೆಸರು ಅದರಿಂದ ಅಳಿಸಿಹೋಗುವಂತೆ ತಂತ್ರಾಂಶವನ್ನು ಹೊಂದಿಸಿದ್ದೇನೆ ಎಂದರು. "ಅವಳನ್ನೇ ಕೇಳಿ, ಹೇಳುತ್ತಾಳೆ." ಡೇಟಾ ಉಳಿಸಿಕೊಳ್ಳುವುದನ್ನೇ ಕಸುಬು ಮಾಡಿಕೊಂಡ ನಮಗೆ, ಬೇಕೆಂದೇ ಅಳಿಸುವವರನ್ನು ಕಂಡು ಸ್ವಲ್ಪ ನಾಚಿಕೆಯಾಯಿತು.

ಇದೆಲ್ಲ ಅಮೆರಿಕಾದಲ್ಲಿ ಮೊದಲಿನಿಂದಲೂ ಇತ್ತೆಂದು ನಾವು ತಿಳಿದಿದ್ದೆವು. ಇರಲಿಲ್ಲ. ಲೈಬ್ರರಿ ಶಾಸ್ತ್ರ ಕಲಿತ ಮೊದಲ ಶಾಲಾ ಲೈಬ್ರೇರಿಯನ್ ಎಂದು ಹೆಸರಿಸುವ ಮೇರಿ ಕಿಂಗ್ಸ್‌ಬರಿ ಬ್ರೂಕ್ಲಿನ್ನಿನ ಎರಾಸ್ಮಸ್ ಹಾಲ್‌ಗೆ ಸೇರಿದ್ದು 1900ರಲ್ಲಿ, ಅದು ಹೈಸ್ಕೂಲು. ಚಿಕ್ಕ ಮಕ್ಕಳ ಪಾಲಿಗೆ ಇದ್ದದ್ದು ತರಗತಿಯ ಮೂಲೆಯ ನಾಲ್ಕು ಪುಸ್ತಕ, ಅಥವಾ ಊರ ಲೈಬ್ರರಿಯಿಂದ ಬರುತ್ತಿದ್ದ ಪೆಟ್ಟಿಗೆ. 1965ರ ಜನವರಿಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಂಗ್ರೆಸ್ಸಿಗೆ ಕಳಿಸಿದ ಸಂದೇಶದಲ್ಲಿ ಈ ಲೆಕ್ಕವಿದೆ: ಸರ್ಕಾರಿ ಎಲಿಮೆಂಟರಿ ಶಾಲೆಗಳಲ್ಲಿ ಸುಮಾರು ಶೇಕಡಾ 70ರಲ್ಲಿ ಲೈಬ್ರರಿಯೇ ಇಲ್ಲ, ಶೇಕಡಾ 84ರಲ್ಲಿ ಲೈಬ್ರೇರಿಯನ್ ಇಲ್ಲ. ಅಂದರೆ ಚಂದ್ರನಿಗೆ ಮನುಷ್ಯನನ್ನು ಕಳಿಸಲು ಹೊರಟಿದ್ದ ದೇಶದಲ್ಲೂ ಬಹುಪಾಲು ಎಲಿಮೆಂಟರಿ ಶಾಲೆಗಳಲ್ಲಿ ಲೈಬ್ರರಿ ಇರಲಿಲ್ಲ.

ಜಾನ್ಸನ್ ಒಂದು ಕಾಲಕ್ಕೆ ಮೇಷ್ಟರಾಗಿದ್ದವರು. 1928ರಲ್ಲಿ ಟೆಕ್ಸಸ್‌ನ ಕೊಟುಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದವರು. 1965ರ ಏಪ್ರಿಲ್ 11ರಂದು, ತಾವು ಚಿಕ್ಕಂದಿನಲ್ಲಿ ಓದಿದ ಶಾಲೆಯ ಬಳಿ, ತಮ್ಮ ಮೊದಲ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಿಕ್ಷಣ ಕಾಯಿದೆಗೆ ಸಹಿ ಹಾಕಿದರು. ಅದರ ಎರಡನೆಯ ಭಾಗ ಶಾಲಾ ಲೈಬ್ರರಿಯ ಪುಸ್ತಕ, ಪಠ್ಯಪುಸ್ತಕ ಮತ್ತಿತರ ಬೋಧನ ಸಾಮಗ್ರಿಗೆ ಮೊದಲ ವರ್ಷಕ್ಕೆ 10 ಕೋಟಿ ಡಾಲರ್ ಎತ್ತಿಟ್ಟಿತು. ಇಂದು ನಾವು ಸಹಜವೆಂದುಕೊಂಡ ಎಷ್ಟೋ ಶಾಲಾ ಲೈಬ್ರರಿಗಳಿಗೆ ಆ ಹಣವೇ ಬೀಜ. 1981ರಲ್ಲಿ ಈ ಅನುದಾನ ಇತರ ಹಲವು ಅನುದಾನಗಳ ಜೊತೆ ಒಂದೇ ಗಂಟಿನಲ್ಲಿ ಸೇರಿಹೋಯಿತು. ಲೈಬ್ರರಿಗೆ ಎಷ್ಟು, ಬೇರೆಯದಕ್ಕೆ ಎಷ್ಟು ಎಂಬುದು ಆಯಾ ಊರಿನವರ ಮನಸ್ಸಿಗೆ ಬಿಟ್ಟ ವಿಷಯವಾಯಿತು.

ಕಾಕತಾಳೀಯವೆನ್ನಿ, ನಮ್ಮ ನಾಡಿನ ಸಾರ್ವಜನಿಕ ಗ್ರಂಥಾಲಯ ಕಾಯಿದೆಯೂ 1965ರದೇ. ಆಗ ಲೈಬ್ರರಿ ಶಾಸ್ತ್ರದ ಪಿತಾಮಹ ಎಸ್. ಆರ್. ರಂಗನಾಥನ್ ಬೆಂಗಳೂರಿನಲ್ಲೇ ಇದ್ದರು. 1962ರಲ್ಲಿ ಅಲ್ಲಿ ತರಬೇತಿ ಮತ್ತು ಸಂಶೋಧನ ಕೇಂದ್ರ ಕಟ್ಟಿದ್ದರು. ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂದು 1931ರಲ್ಲೇ ಸೂತ್ರ ಬರೆದವರು ಅವರು. ಕಾಯಿದೆಯಿಂದ ಲೈಬ್ರರಿ ಸೆಸ್ ಬಂತು, ನಗರ, ಜಿಲ್ಲೆಗಳಲ್ಲಿ ಗ್ರಂಥಾಲಯಗಳು ಎದ್ದವು. ನಮ್ಮಲ್ಲಿ ಎಷ್ಟೋ ಜನ ಅಲ್ಲೇ ಓದಿ ಮುಂದೆ ಬಂದವರು. ಆದರೆ ನಾವು ಓದಿದ ಶಾಲೆಗಳ ಬೀರುವಿನ ತನಕ ಆ ಗಾಳಿ ಬರಲಿಲ್ಲ. ಪುಸ್ತಕ ಇಲ್ಲದೆ ಅಲ್ಲ. ಅದನ್ನು ಮಗುವಿನ ಕೈಗಿಡುವುದೇ ತನ್ನ ಉದ್ಯೋಗ ಎನ್ನುವ ಒಬ್ಬ ಮನುಷ್ಯ ಇಲ್ಲದೆ.

ಬೀಗ ತೆಗೆದ ಮೇಲೆ ಕಪಾಟಿನಲ್ಲಿ ಯಾರ ಕಥೆ ಇರಬೇಕೆಂಬ ಪ್ರಶ್ನೆ ಬರುತ್ತದೆ. ಆ 1965ರಲ್ಲೇ ನ್ಯಾನ್ಸಿ ಲ್ಯಾರಿಕ್ ಎಂಬ ಶಿಕ್ಷಣತಜ್ಞೆ ಹಿಂದಿನ ಮೂರು ವರ್ಷಗಳ 5,206 ಮಕ್ಕಳ ಪುಸ್ತಕಗಳನ್ನು ಲೆಕ್ಕ ಹಾಕಿದರು. ಕರಿಯ ಜನರು ಕಾಣಿಸಿಕೊಂಡದ್ದು 349ರಲ್ಲಿ ಮಾತ್ರ. ಇನ್ನೊಬ್ಬರು ಮಿಲ್‌ಡ್ರೆಡ್ ಬ್ಯಾಚೆಲ್ಡರ್. 1928ರಿಂದ 1936ರವರೆಗೆ ಇಲಿನಾಯ್ ರಾಜ್ಯದ ಇವಾನ್‌ಸ್ಟನ್ನಿನಲ್ಲಿ ಶಾಲಾ ಲೈಬ್ರೇರಿಯನ್ ಆಗಿದ್ದು, ಮುಂದೆ ಮೂರು ದಶಕ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನಿನಲ್ಲಿ ದುಡಿದವರು. ಬೇರೆ ದೇಶದ ಮಕ್ಕಳ ಕಥೆಯನ್ನು ಅನುವಾದದಲ್ಲಾದರೂ ಓದಿದ ಮಗು ಆ ಜನರನ್ನು ಪರಕೀಯರೆಂದುಕೊಳ್ಳುವುದಿಲ್ಲ ಎಂಬುದು ಅವರ ನಂಬಿಕೆ. ಅವರ ಹೆಸರಿನಲ್ಲಿ 1968ರಿಂದ ಅನುವಾದಿತ ಮಕ್ಕಳ ಪುಸ್ತಕಕ್ಕೆ ಪ್ರಶಸ್ತಿ ಕೊಡುತ್ತಿದ್ದಾರೆ. ಅದು ಸಿಗುವುದು ಲೇಖಕರಿಗಲ್ಲ, ಅನುವಾದ ಮಾಡಿಸುವ ಧೈರ್ಯ ತೋರಿದ ಪ್ರಕಾಶಕರಿಗೆ. ಗೆದ್ದವುಗಳ ಪಟ್ಟಿಯಲ್ಲಿ ಜರ್ಮನ್, ಜಪಾನಿ, ಹೀಬ್ರೂ ಎಲ್ಲ ಇವೆ. ಕನ್ನಡ ಇಲ್ಲ. ಬ್ರೌನಿಂಗನ ಇಂಗ್ಲಿಷ್ ಪದ್ಯದಿಂದ ಕುವೆಂಪು ನಮಗೆ ಕಿಂದರಿಜೋಗಿಯನ್ನು ತಂದುಕೊಟ್ಟರು. ಆ ದಾರಿಯಲ್ಲಿ ಈ ಕಡೆಯಿಂದ ಆ ಕಡೆಗೆ ಹೋದ ಮಕ್ಕಳ ಕಥೆ ಎಷ್ಟು?

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಈ ವಸಂತದಲ್ಲಿ ನಮ್ಮ ಶಾಲಾ ಆಡಳಿತದವರು ಖರ್ಚು ಇಳಿಸಲು ಮೂರು ಎಲಿಮೆಂಟರಿ ಶಾಲೆಗಳಿಗೆ ಒಬ್ಬರೇ ಲೈಬ್ರೇರಿಯನ್ ಸಾಕೆಂದು ಸೂಚಿಸಿದರು. ಪುಸ್ತಕಗಳೇನೂ ಹೋಗುವುದಿಲ್ಲ, ಬಾಗಿಲು ಮಾತ್ರ ವಾರಕ್ಕೆ ಮೂರು ದಿನ ಮುಚ್ಚಿರುತ್ತದೆ ಎಂದು ಸಮಾಧಾನ ಹೇಳಿದರು. ಈ ಮಾತು ನಮಗೆ ಎಲ್ಲೋ ಕೇಳಿದಂತಿತ್ತು. ನಮ್ಮ ಬೀರುವಿನಲ್ಲೂ ಪುಸ್ತಕಗಳೇನೂ ಹೋಗಿರಲಿಲ್ಲವಲ್ಲ.

ಇಂಥ ಸಭೆಗಳಿಗೆ ನಮ್ಮವರು ಹೋಗುವುದು ಕಡಿಮೆ. ವೀಸಾ, ಆಫೀಸು, ಗ್ರೀನ್ ಕಾರ್ಡು ಎನ್ನುತ್ತ ಈ ಊರಿನ ವ್ಯವಹಾರ ನಮಗೇಕೆ ಎಂದುಕೊಂಡು ವರ್ಷಗಳು ಕಳೆದುಹೋಗುತ್ತವೆ. ನಾವೂ ಹಾಗೇ ಇದ್ದವರು. ಈ ಸಲ ಹೋದೆವು. ಒಬ್ಬರಿಗೆ ಮೂರು ನಿಮಿಷ. ಬರೆದುಕೊಂಡು ಹೋಗಿದ್ದ ಅಂಕಿಅಂಶ ಬಿಟ್ಟು, ಹಸಿರು ಬೀರುವಿನ ಕಥೆ ಹೇಳಿದೆವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಹೊರಡುವಾಗ ನಮ್ಮ ಬಳಿ ಬಂದು, ತಾವು ಓದಿದ ಶಾಲೆಯಲ್ಲಿ ಬೀರುವೂ ಇರಲಿಲ್ಲ ಎಂದರು. ಪ್ರಸ್ತಾಪ ಒಂದು ವರ್ಷ ಮುಂದಕ್ಕೆ ಹೋಗಿದೆ, ರದ್ದಾಗಿಲ್ಲ.

ಮಿತ್ರರೆ, ನಿಮ್ಮ ಮಕ್ಕಳ ಶಾಲೆಯ ಲೈಬ್ರರಿಯಲ್ಲಿ ಯಾರಿದ್ದಾರೆ, ವಾರಕ್ಕೆ ಎಷ್ಟು ದಿನ ಇರುತ್ತಾರೆ ಎಂದು ಒಮ್ಮೆ ವಿಚಾರಿಸಿ. ಮುಂದಿನ ಕೂಟಕ್ಕೆ ಬರುವಾಗ ನಿಮಗೆ ಇಷ್ಟವಾದ ಒಂದು ಕನ್ನಡ ಮಕ್ಕಳ ಕಥೆಯನ್ನು, ಇಲ್ಲಿನ ಮಕ್ಕಳಿಗೆ ಓದಿ ಹೇಳುವಂತೆ ಇಂಗ್ಲಿಷಿಗೆ ತಂದು ಒಂದೆರಡು ಪುಟ ಬರೆದುಕೊಂಡು ಬನ್ನಿ. ನಮ್ಮ ಲೈಬ್ರೇರಿಯನ್ ಅಮ್ಮನನ್ನು ಕೇಳಿ ಬಂದಿದ್ದೇವೆ. ಮಂಗಳವಾರ ಬೆಳಿಗ್ಗೆ ಕಿಂಡರ್‌ಗಾರ್ಟನ್ ಮಕ್ಕಳಿಗೆ ಓದುತ್ತಾರಂತೆ.