ತೊಟ್ಟಿಲು ಕಟ್ಟುವ ಮೊದಲೇ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ‘ಮಗು ಸಾಕಿ ನೋಡು’ ಎಂದು ಸೇರಿಸಲಿಲ್ಲ. ಮಗುವನ್ನು ಸಾಕುವುದು ಸುಲಭವೆಂದು ಅವರು ಭಾವಿಸಿದ್ದರೆಂದು ತೋರುವುದಿಲ್ಲ; ಆ ಕೆಲಸವನ್ನು ಯಾರೂ ಒಂಟಿಯಾಗಿ ಮಾಡಬೇಕಾಗಿರಲಿಲ್ಲ, ಅಷ್ಟೆ. ಸೀಮಂತ ಮುಗಿಸಿಕೊಂಡ ಹೆಣ್ಣು ತವರಿಗೆ ಹೋಗುತ್ತಿದ್ದಳು. ಮೂರೋ ಐದೋ ತಿಂಗಳ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಮರಳುತ್ತಿದ್ದಳು. ಎಣ್ಣೆ ನೀರು ಹಾಕುವುದು, ಬಾಣಂತಿ ಪಥ್ಯ, ಕೂಸು ಅತ್ತರೆ ಅದು ಹಸಿವಿನ ಅಳುವೋ ಹೊಟ್ಟೆನೋವಿನದೋ ಎಂದು ಗುರುತಿಸುವುದು, ಇವೆಲ್ಲವನ್ನೂ ತಾಯಿ, ಅಜ್ಜಿ, ಅತ್ತಿಗೆಯರನ್ನು ನೋಡಿಯೇ ಕಲಿಯುತ್ತಿದ್ದಳು. ಪುಸ್ತಕದ ಅಗತ್ಯವಿರಲಿಲ್ಲ.

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಪರಿಸ್ಥಿತಿ ಬೇರೆ. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಗಂಡ ಹೆಂಡತಿ ಇಬ್ಬರೇ. ಊರಿನಿಂದ ಅಮ್ಮ ಬಂದರೂ ರಜೆಯ ಲೆಕ್ಕದಂತೆ ಒಂದೆರಡು ತಿಂಗಳು ಇದ್ದು ಹೋಗುತ್ತಾರೆ. ಆ ಮೇಲೆ ಪ್ರತಿ ಮನೆಯಲ್ಲೂ ಕೇಳಿಬರುವ ಮಾತು ಒಂದೇ: ‘ಇದು ಮೊದಲೇ ಗೊತ್ತಿದ್ದರೆ!’ ಈ ಉದ್ಗಾರಕ್ಕೂ ಒಂದು ಚರಿತ್ರೆ ಇದೆ. ಅದನ್ನು ಸ್ವಲ್ಪ ಕೆದಕಿ ನೋಡಿದರೆ ಅಚ್ಚರಿಯ ಸಂಗತಿಯೊಂದು ಹೊರಬೀಳುತ್ತದೆ. ತಂದೆತಾಯಿಗಳಿಗೆ ಗೊತ್ತಿಲ್ಲದ ಆ ವಿಷಯ ಎಷ್ಟೋ ವೇಳೆ ಜಗತ್ತಿನಲ್ಲಿ ಯಾರಿಗೋ ಆಗಲೇ ಗೊತ್ತಿತ್ತು. ಅದು ಮನೆಯ ಹೊಸ್ತಿಲಿಗೆ ಬರಲು ಮಾತ್ರ ಹತ್ತಾರು ವರ್ಷ, ಕೆಲವೊಮ್ಮೆ ಇನ್ನೂರು ವರ್ಷ ಹಿಡಿಯಿತು. ನಾಲ್ಕು ನಿದರ್ಶನಗಳನ್ನು ವಾಚಕರ ಮುಂದಿಡುತ್ತೇನೆ.

ಮೊದಲನೆಯದು ತಾಯಿಯ ಮೊದಲ ಹಾಲಿನ ಸಂಗತಿ. ಹಸು ಕರು ಹಾಕಿದರೆ ಗಿಣ್ಣು ಹಾಲಿಗಾಗಿ ಕೇರಿಯೇ ಕಾಯುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಹಂಚುತ್ತೇವೆ. ಕರುವಿಗೆ ಆ ಹಾಲು ಸಿಗಲೇಬೇಕೆಂಬುದು ಯಾವ ರೈತನಿಗೂ ಗೊತ್ತು. ಆದರೆ ಹೆತ್ತ ತಾಯಿಯ ಹಳದಿ ಬಣ್ಣದ ಗಿಣ್ಣು ಹಾಲನ್ನು ಮಾತ್ರ ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಿ, ಕೂಸಿಗೆ ಜೇನು, ಸಕ್ಕರೆ ನೀರು, ಹರಳೆಣ್ಣೆ ನೆಕ್ಕಿಸುವ ಪದ್ಧತಿ ನಮ್ಮಲ್ಲಿ ಬೆಳೆದುಬಂದಿತ್ತು. ಇದು ನಮ್ಮ ದೇಶದ ಮೂಢನಂಬಿಕೆ ಮಾತ್ರವೆಂದು ತಲೆತಗ್ಗಿಸಬೇಕಾಗಿಲ್ಲ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಸೊರಾನಸ್ ಎಂಬ ಹೆಸರಾಂತ ಗ್ರೀಕ್ ವೈದ್ಯನೂ ಮೊದಲ ದಿನಗಳ ತಾಯಿಹಾಲು ಬೇಡ, ಜೇನು ಕೊಡಿ ಎಂದೇ ಬರೆದಿದ್ದ. ಯುರೋಪು ಶತಮಾನಗಳ ಕಾಲ ಅದನ್ನೇ ನಂಬಿತು.

1748ರಲ್ಲಿ ವಿಲಿಯಂ ಕ್ಯಾಡೊಗನ್ ಎಂಬ ಇಂಗ್ಲಿಷ್ ವೈದ್ಯ ಲಂಡನ್ನಿನ ಅನಾಥ ಶಿಶುಗಳ ಆಸ್ಪತ್ರೆಯ ಆಡಳಿತಗಾರರಿಗಾಗಿ ಒಂದು ಚಿಕ್ಕ ಪ್ರಬಂಧ ಪ್ರಕಟಿಸಿದ. ಕೂಸನ್ನು ಬಟ್ಟೆಯಲ್ಲಿ ಬಿಗಿದು ಸುತ್ತಬೇಡಿ, ಹುಟ್ಟಿದೊಡನೆ ಬೇರೇನನ್ನೂ ತುರುಕಬೇಡಿ, ತಾಯಿಯ ಹಾಲನ್ನೇ ಕೊಡಿ ಎಂಬುದು ಅದರ ಸಾರ. ಮಕ್ಕಳ ಪಾಲನೆಯ ಮೇಲೆ ತಂದೆಯೂ ಕಣ್ಣಿಡಬೇಕೆಂದು ಆತ ಹೇಳಿದ್ದು ಆ ಕಾಲಕ್ಕೆ ಹೊಸ ಮಾತು. ಇನ್ನು ಜೇನಿನ ವಿಷಯ: ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆಗೂಸಿನ ಕರುಳಿನಲ್ಲಿ ಬೆಳೆದು ವಿಷಕಾರಿ ಆಗಬಲ್ಲದೆಂದು 1976ರಿಂದೀಚೆಗೆ ತಿಳಿದುಬಂದಿದೆ. ಒಂದು ವರ್ಷ ತುಂಬುವವರೆಗೆ ಜೇನು ಬೇಡವೆಂದು ವೈದ್ಯರು ಹೇಳುವುದು ಇದಕ್ಕಾಗಿ.

ಹೆರಿಗೆಯಾದ ಒಂದು ಗಂಟೆಯೊಳಗೆ ಮೊಲೆಯೂಡಿಸಬೇಕು, ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ನೀರನ್ನೂ ಕೊಡಬೇಕಾಗಿಲ್ಲ ಎಂಬುದು ಇಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ನೋಡಿ. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 89 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿದ್ದವು. ಮೊದಲ ಗಂಟೆಯಲ್ಲಿ ತಾಯಿಹಾಲು ಸಿಕ್ಕಿದ್ದು ನೂರರಲ್ಲಿ ಸುಮಾರು 42 ಮಕ್ಕಳಿಗೆ. ಡಾಕ್ಟರು, ದಾದಿಯರು ಪಕ್ಕದಲ್ಲಿದ್ದೂ ಮಾತು ತಾಯಿಗೆ ತಲುಪದೆ ಹೋಗಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಎರಡನೆಯದು ಡಬ್ಬಿಯ ಹಾಲು. 1865ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್, 1867ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ ಶಿಶು ಆಹಾರಗಳನ್ನು ತಯಾರಿಸಿದರು. ತಾಯಿ ಇಲ್ಲದ, ತಾಯಿಗೆ ಹಾಲು ಸಾಲದ ಕೂಸುಗಳಿಗೆ ಇದು ಜೀವದಾನ. ಈ ಚರಿತ್ರೆಯಲ್ಲಿ ನಮ್ಮ ಮೈಸೂರಿಗೂ ಒಂದು ಪುಟವಿದೆ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು, ಕೂಸಿಗೆ ಜೀರ್ಣವಾಗದಷ್ಟು ಗಟ್ಟಿಯೆಂದು ವಿದೇಶಿ ತಜ್ಞರು ತಳ್ಳಿಹಾಕಿದ್ದ ಎಮ್ಮೆ ಹಾಲಿನಿಂದಲೇ ಶಿಶು ಆಹಾರ ಮಾಡುವ ವಿಧಾನವನ್ನು ಕಂಡುಹಿಡಿದರು. ಅಮುಲ್ ಡಬ್ಬಿಯಾಗಿ ದೇಶದ ಮನೆಮನೆಗೆ ಬಂದದ್ದು ಆ ವಿಧಾನವೇ. ಪರದೇಶದ ಡಬ್ಬಿಗಾಗಿ ಕಾಯುವುದು ತಪ್ಪಿತು.

ತೊಂದರೆ ಇದ್ದದ್ದು ಡಬ್ಬಿಯಲ್ಲಿ ಅಷ್ಟಾಗಿ ಅಲ್ಲ, ಡಬ್ಬಿಯ ಮೇಲೆ ಹೇಳದೆ ಬಿಟ್ಟದ್ದರಲ್ಲಿ. ಕುದಿಸದ ನೀರು, ತೊಳೆಯದ ಬಾಟಲಿ, ದುಡ್ಡು ಸಾಲದೆ ತೆಳುವಾಗಿ ಕಲಸಿದ ಪುಡಿ, ಇವು ಬಡವರ ಮನೆಯ ಕೂಸುಗಳಿಗೆ ಮುಳುವಾದವು. ಈ ಅಪಾಯವನ್ನು ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1939ರಲ್ಲೇ ಸಿಂಗಪುರದ ಸಭೆಯೊಂದರಲ್ಲಿ ಕಠೋರವಾಗಿ ಎತ್ತಿ ಆಡಿದ್ದರು. ಶಿಶು ಆಹಾರದ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆಯೊಂದು ಬಂದದ್ದು 1981ರ ಮೇ ತಿಂಗಳಿನಲ್ಲಿ. ಪರವಾಗಿ 118 ಮತ, ವಿರುದ್ಧ ಅಮೆರಿಕದ ಒಂದೇ ಮತ. ಭಾರತ 1992ರಲ್ಲಿ ಕಾನೂನು ಮಾಡಿತು. ಡಬ್ಬಿಯ ಮೇಲೆ ಮುದ್ದು ಕೂಸಿನ ಚಿತ್ರವಿರಬಾರದೆಂಬ, ತಾಯಿಹಾಲೇ ಉತ್ತಮವೆಂದು ಅಚ್ಚಿಸಬೇಕೆಂಬ ನಿಯಮ ಅಲ್ಲಿಯದು. ಆ ಭಾಷಣಕ್ಕೂ ನಮ್ಮ ಕಾನೂನಿಗೂ ನಡುವೆ 53 ವರ್ಷ.

ಮೂರನೆಯದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಕೂಸಿಗೆ ವಾಂತಿ ಭೇದಿಯಾದರೆ ‘ಕುಡಿಸಿದ್ದೆಲ್ಲ ಹೊರಗೆ ಬರುತ್ತಿದೆ’ ಎಂದು ನೀರನ್ನೇ ನಿಲ್ಲಿಸುವುದು ನಮ್ಮ ಹಿರಿಯರಲ್ಲಿ ಹಲವರ ರೂಢಿಯಾಗಿತ್ತು. ಕೂಸು ಸಾಯುತ್ತಿದ್ದುದು ಭೇದಿಗಿಂತ ಹೆಚ್ಚಾಗಿ ಮೈಯ ನೀರು, ಉಪ್ಪು ಬತ್ತಿಹೋಗಿ. ಕರುಳು ಉಪ್ಪನ್ನು ಒಳಕ್ಕೆ ಎಳೆದುಕೊಳ್ಳುವಾಗ ಸಕ್ಕರೆ ಅದಕ್ಕೆ ಜೊತೆಯಾಗುತ್ತದೆ, ಇವೆರಡರ ಹಿಂದೆ ನೀರೂ ಒಳಗೆ ಹೋಗುತ್ತದೆ. ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಇದನ್ನು 1960ರಲ್ಲಿ ವಿವರಿಸಿದ. 1968ರಲ್ಲಿ ಢಾಕಾದಲ್ಲಿ ಕಾಲರಾ ರೋಗಿಗಳ ಮೇಲೆ ಅದು ಸಾಬೀತಾಯಿತು. ಆದರೂ ಸಲೈನ್ ಏರಿಸುವುದೇ ನಿಜವಾದ ಚಿಕಿತ್ಸೆ ಎಂಬ ಭಾವನೆ ಹೋಗಲಿಲ್ಲ.

1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷೋಪಲಕ್ಷವಾಗಿ ಬಂದಾಗ ಗಡಿಯ ಬನಗಾಂವ್ ಊರಿನಲ್ಲಿ ಕಾಲರಾ ಹಬ್ಬಿತು. ಸಲೈನ್ ಬಾಟಲಿಗಳು ಮುಗಿಯುತ್ತ ಬಂದವು. ಅಲ್ಲಿದ್ದ ಡಾ. ದಿಲೀಪ್ ಮಹಲನೋಬಿಸ್ ಗ್ಲೂಕೋಸು, ಅಡಿಗೆ ಉಪ್ಪು, ಸೋಡಾ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಒಂದು ಲೀಟರಿಗೆ 22 ಗ್ರಾಂ ಗ್ಲೂಕೋಸು, ಮೂರೂವರೆ ಗ್ರಾಂ ಉಪ್ಪು, ಎರಡೂವರೆ ಗ್ರಾಂ ಸೋಡಾ. ನೂರಕ್ಕೆ 30ರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಕೂಸಿನ ಪ್ರಾಣ ಉಳಿಸುವ ವಿದ್ಯೆ ಪದವಿ ಇಲ್ಲದ ತಾಯಿಯ ಕೈಯಲ್ಲೂ ನಿಲ್ಲುತ್ತದೆಂದು ಅಲ್ಲಿ ರುಜುವಾತಾಯಿತು. 2022ರಲ್ಲಿ ತೀರಿಕೊಂಡ ಆ ವೈದ್ಯರಿಗೆ ಪದ್ಮವಿಭೂಷಣ ಬಂದದ್ದು ಮರಣಾನಂತರ, 2023ರಲ್ಲಿ.

ಈ ವಿದ್ಯೆಯನ್ನು ಮನೆಗೆ ಮುಟ್ಟಿಸುವುದು ಹೇಗೆಂಬುದನ್ನು ಬಾಂಗ್ಲಾದೇಶದ ‘ಬ್ರ್ಯಾಕ್’ ಸಂಸ್ಥೆ ತೋರಿಸಿತು. 1980ರಿಂದ ಹತ್ತು ವರ್ಷ ಅದರ ಕಾರ್ಯಕರ್ತೆಯರು ಹಳ್ಳಿಹಳ್ಳಿ ಸುತ್ತಿ, 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಅಡಿಗೆಮನೆಯ ಅಳತೆಯಲ್ಲೇ ಪಾಠ ಹೇಳಿದರು: ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಸಂಬಳ ಕೊಡುವ ಕ್ರಮ ಗಮನಾರ್ಹ. ಎಷ್ಟು ಮನೆ ಸುತ್ತಿದರೆಂದು ಲೆಕ್ಕ ಹಾಕಲಿಲ್ಲ. ಕೆಲವು ವಾರಗಳ ನಂತರ ಬೇರೊಬ್ಬರು ಹೋಗಿ ವಿಚಾರಿಸಿದಾಗ ತಾಯಿಗೆ ಎಷ್ಟು ನೆನಪಿತ್ತೋ ಅದರಂತೆ ಹಣ. ಮೊದಮೊದಲು ತಾಯಂದಿರು ಪಾಠ ಒಪ್ಪಿಸುತ್ತಿದ್ದರೇ ಹೊರತು ಬಳಸುತ್ತಿರಲಿಲ್ಲ. ವಿಚಾರಿಸಿದಾಗ, ಗಂಡಸರಿಗೆ ಯಾರೂ ಏನೂ ಹೇಳಿಲ್ಲವೆಂಬ ಕಾರಣವೂ ಹೊರಬಿತ್ತು. ಆ ಮೇಲೆ ಗಂಡಸರನ್ನೂ ಕೂರಿಸಿ ತಿಳಿಹೇಳತೊಡಗಿದರು, ಬಳಕೆ ಹೆಚ್ಚಿತು. ಗುಮಾಸ್ತೆ ಕೆಲಸದಲ್ಲಿ ದಿನವೂ ‘ಸುತ್ತೋಲೆ ಕಳುಹಿಸಲಾಗಿದೆ’ ಎಂದು ಬರೆಯುವ ನನ್ನಂಥವನಿಗೆ ಇದು ಬೆರಗಿನ ವಿಷಯ. ಕಳುಹಿಸಿದ್ದಕ್ಕೂ ಮುಟ್ಟಿದ್ದಕ್ಕೂ ಇರುವ ಅಂತರವನ್ನು ಅವರು ಲೆಕ್ಕಕ್ಕೆ ಹಿಡಿದಿದ್ದರು.

ಇಂದು ಚಿಟಿಕೆಯ ಲೆಕ್ಕ ಬೇಕಾಗಿಲ್ಲ, ಓ.ಆರ್.ಎಸ್. ಪೊಟ್ಟಣ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಹೊದಿಕೆಯ ಮೇಲೆ ಹೇಳಿದಷ್ಟೇ ನೀರಿನಲ್ಲಿ, ಇಡೀ ಪೊಟ್ಟಣವನ್ನು ಒಮ್ಮೆಗೇ ಕಲಸಬೇಕು. ತಾಯಿಹಾಲು, ಆಹಾರ ನಿಲ್ಲಿಸಬಾರದು. ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಾಲ್ಕನೆಯದರಲ್ಲಿ ಅಜ್ಜಿ ಗೆದ್ದಳು, ಪುಸ್ತಕ ಸೋತಿತು. ಅಮೆರಿಕದ ಡಾ. ಬೆಂಜಮಿನ್ ಸ್ಪಾಕ್ ಅವರ ಶಿಶುಪಾಲನೆಯ ಗ್ರಂಥ 1946ರಲ್ಲಿ ಪ್ರಕಟವಾಗಿ ಕೋಟಿಗಟ್ಟಲೆ ಪ್ರತಿ ಖರ್ಚಾಯಿತು. 1950ರ ದಶಕದ ಆವೃತ್ತಿಯಿಂದ ಅದರಲ್ಲಿ ಒಂದು ಸಲಹೆ ಸೇರಿತು: ಅಂಗಾತ ಮಲಗಿದ ಕೂಸು ವಾಂತಿ ಮಾಡಿಕೊಂಡರೆ ಉಸಿರು ಕಟ್ಟೀತು, ಬೋರಲು ಮಲಗಿಸುವುದು ಮೇಲು. ಸಲಹೆ ತರ್ಕಬದ್ಧವಾಗಿ ಕಂಡಿತು. ಯಾರೂ ಎಣಿಸಿ ನೋಡಿರಲಿಲ್ಲ. ಬೋರಲು ಮಲಗಿಸಿದ ಕೂಸುಗಳೇ ನಿದ್ದೆಯಲ್ಲಿ ಹಠಾತ್ತಾಗಿ ಸಾಯುವುದು ಹೆಚ್ಚೆಂಬ ಪುರಾವೆ ಸಿಗತೊಡಗಿದ ಮೇಲೂ ಸಲಹೆ ಬದಲಾಗಲಿಲ್ಲ. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ‘ಅಂಗಾತ ಮಲಗಿಸಿ’ ಎಂಬ ಪ್ರಚಾರ ನಡೆದಾಗ ಇಂಥ ಸಾವುಗಳು ಕೆಲವೇ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿದವು. ಹಳೆಯ ದಾಖಲೆಗಳನ್ನೆಲ್ಲ ಕೂಡಿಸಿದ 2005ರ ಅಧ್ಯಯನವೊಂದು, 1970ರ ವೇಳೆಗೇ ಸಾಕಷ್ಟು ಪುರಾವೆ ಇತ್ತೆಂದೂ, ಆಗಲೇ ಹೇಳಿದ್ದರೆ ಬ್ರಿಟನ್ ಒಂದರಲ್ಲೇ ಹತ್ತು ಸಾವಿರ ಕೂಸುಗಳು ಉಳಿಯುತ್ತಿದ್ದವೆಂದೂ ಲೆಕ್ಕ ಹಾಕಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ತೊಟ್ಟಿಲಿನಲ್ಲಿ ಕೂಸನ್ನು ಅಂಗಾತ ಮಲಗಿಸಿ ತೂಗಿದ ನಮ್ಮ ಅಜ್ಜಿಯರು ಯಾವ ಅಧ್ಯಯನವನ್ನೂ ಓದಿದವರಲ್ಲ.

ಹಾಗೆಂದು ಅಜ್ಜಿ ಹೇಳಿದ್ದೆಲ್ಲ ಸರಿ ಎನ್ನುವಂತಿಲ್ಲ; ಗಿಣ್ಣು ಹಾಲು ಚೆಲ್ಲಿಸಿದವರೂ, ಭೇದಿಯಾದಾಗ ನೀರು ನಿಲ್ಲಿಸಿದವರೂ ಅವರೇ. ವೈದ್ಯರು ಹೇಳಿದ್ದೆಲ್ಲ ಸರಿ ಎನ್ನಲೂ ಬೋರಲು ಮಲಗಿಸಿದ ಕತೆ ಬಿಡುವುದಿಲ್ಲ. ಹೇಳಿದವರು ಯಾರೆಂಬುದಕ್ಕಿಂತ, ಆ ಮಾತನ್ನು ಯಾರಾದರೂ ಎಣಿಸಿ ಪರೀಕ್ಷಿಸಿದ್ದಾರೆಯೇ ಎಂದು ಕೇಳುವುದೇ ಕ್ಷೇಮ. ಅಜ್ಜಿಯ ಕೈಯ ಪಳಗಿಕೆ, ಡಾಕ್ಟರ ಅಂಕಿ ಅಂಶ, ಎರಡೂ ನಮಗೆ ಬೇಕು.

ನನ್ನ ಉದ್ಯೋಗಕ್ಕೆ ಹತ್ತಿರದ ಮಾತೊಂದನ್ನೂ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ಗಂಡು ನೌಕರರಿಗೆ 15 ದಿನದ ಪಿತೃತ್ವ ರಜೆ 1997ರಲ್ಲೇ ಮಂಜೂರಾಯಿತು. ಹೆರಿಗೆಗೆ ಮುಂಚಿನ 15 ದಿನಗಳಲ್ಲಿ, ಇಲ್ಲವೇ ಹೆರಿಗೆಯಾದ ಆರು ತಿಂಗಳೊಳಗೆ ತೆಗೆದುಕೊಳ್ಳದಿದ್ದರೆ ಅದು ರದ್ದು. ಮಹಿಳಾ ನೌಕರರಿಗೆ 2008ರಲ್ಲಿ ಹೆರಿಗೆ ರಜೆ 180 ದಿನಗಳಾಯಿತು. ಮಕ್ಕಳ ಪಾಲನೆಗೆಂದು ಇಡೀ ಸೇವಾವಧಿಯಲ್ಲಿ 730 ದಿನಗಳ ರಜೆಯೂ ಬಂತು. ಖಾಸಗಿ ಸಂಸ್ಥೆಗಳ ಹೆಣ್ಣುಮಕ್ಕಳಿಗೆ 1961ರ ಕಾಯಿದೆ ಕೊಟ್ಟಿದ್ದ 12 ವಾರಗಳ ರಜೆ, 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿತು. ಇವೆಲ್ಲ ಅಚ್ಚಾದ ನಿಯಮಗಳು. ತವರು ಸಾವಿರ ಮೈಲಿ ದೂರವಿರುವ ನಮ್ಮವರಿಗೆ ಈ ದಿನಗಳೇ ತವರು. ಗಡುವು ತಿಳಿಯದೆ ಅವನ್ನು ಕಳೆದುಕೊಳ್ಳುವುದು ಬೇಡ.

ಸಂಘದಲ್ಲಿ ನಾಲ್ಕು ಮಕ್ಕಳನ್ನು ಸಾಕಿ ಮೊಮ್ಮಕ್ಕಳನ್ನೂ ಎತ್ತಿದ ಅಮ್ಮಂದಿರಿದ್ದಾರೆ. ವೈದ್ಯರಾದ ಸದಸ್ಯರೂ ಇದ್ದಾರೆ. ಹೊಸದಾಗಿ ಊರಿಗೆ ಬಂದ ಬಸುರಿಯ ಮನೆಗೆ ಎಂಟನೆಯ ತಿಂಗಳಿನಲ್ಲಿ ಇಬ್ಬರೂ ಒಟ್ಟಿಗೆ ಒಂದು ಸಂಜೆ ಹೋಗಿ ಬರುವುದು ಅಸಾಧ್ಯವೇನಲ್ಲ. ಆ ಸಂಜೆ ಗಂಡನೂ ಮನೆಯಲ್ಲಿರಬೇಕು, ಕೂತು ಕೇಳಬೇಕು. ಮಡಿಲು ತುಂಬುವ ಸಾಮಾನಿನ ಜೊತೆಗೆ, ಮೇಲೆ ಹೇಳಿದ ನಾಲ್ಕು ಮಾತುಗಳನ್ನು ಬರೆದ ಒಂದು ಹಾಳೆ, ಒಂದು ಓ.ಆರ್.ಎಸ್. ಪೊಟ್ಟಣ ಇಟ್ಟರಾಯಿತು. ಶುಭಕಾರ್ಯದಲ್ಲಿ ಕಾಯಿಲೆಯ ಸಾಮಾನೇಕೆ ಎಂದು ಹಿರಿಯರೊಬ್ಬರು ಆಕ್ಷೇಪಿಸಬಹುದು. ಅದರಲ್ಲಿ ಇರುವುದು ಉಪ್ಪು, ಸಕ್ಕರೆ ಮಾತ್ರವೆಂದು ಅವರಿಗೆ ತಿಳಿಸಿ ಹೇಳೋಣ.