ಶಾಲಾ ಗಣಕ ದಾಖಲೆಗಳು: ಭಟ್ಕಳ, ಹೊನ್ನಾವರ, ಕುಮಟಾ

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯ ಈ ಮೂರು ತಾಲೂಕುಗಳಲ್ಲಿ ಶಾಲೆಗಳ ದಾಖಲೆಗಳು ಕಾಗದದ ವಹಿಗಳಿಂದ ಗಣಕಯಂತ್ರದ ಕಡತಗಳಾಗಿ ಪರಿವರ್ತಿತವಾಗಿ, ಕಚೇರಿಯಿಂದ ಕಚೇರಿಗೆ ರವಾನೆಯಾಗಿ, ಪ್ರತಿಗಳ ಮೂಲಕ ರಕ್ಷಿತವಾಗುತ್ತ ಬಂದ ಪದ್ಧತಿಯ ಇತಿಹಾಸ ಇಲ್ಲಿಯ ವಿಷಯ.

ಮೊದಲು ಗಮನಿಸಬೇಕಾದುದು ಆಡಳಿತದ ಎಲ್ಲೆ. ಕಂದಾಯ ವ್ಯವಸ್ಥೆಯಲ್ಲಿ ಉತ್ತರ ಕನ್ನಡವು ಒಂದೇ ಜಿಲ್ಲೆಯಾಗಿದ್ದರೂ ಶಿಕ್ಷಣ ಇಲಾಖೆಯಲ್ಲಿ ಅದು ಎರಡು; ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳು ಕಾರವಾರದ ಉಪನಿರ್ದೇಶಕರಿಗೂ ಘಟ್ಟದ ಮೇಲಿನ ತಾಲೂಕುಗಳು ಶಿರಸಿಯ ಉಪನಿರ್ದೇಶಕರಿಗೂ ಅಧೀನವಾಗಿವೆ. ರಾಷ್ಟ್ರೀಯ ಅಂಕಿಅಂಶಗಳಲ್ಲಿ ಶಿರಸಿಯು ಪ್ರತ್ಯೇಕ ಸಾಲಾಗಿ ಕಾಣಿಸಿಕೊಂಡ ಮೇಲೆ, ಹಿಂದಿನ ಹಾಗೂ ಮುಂದಿನ ವರ್ಷಗಳ 'ಉತ್ತರ ಕನ್ನಡ'ವನ್ನು ಹೋಲಿಸುವವರಿಗೆ ಶಾಲೆಗಳೂ ಮಕ್ಕಳೂ ಒಮ್ಮೆಲೇ ಕುಗ್ಗಿದಂತೆ ತೋರುತ್ತದೆ. ಕುಗ್ಗಿದುದು ಎಲ್ಲೆಯೇ ಹೊರತು ಶಾಲೆಗಳಲ್ಲ.

1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಈ ಪ್ರದೇಶದ ಶಾಲೆಗಳಿಗೆ ಮಕ್ಕಳ ಪ್ರವೇಶವಹಿಯಾದ ಜನರಲ್ ರಜಿಸ್ಟರೇ ಮೂಲ ದಾಖಲೆಯಾಗಿತ್ತು. 1990ರ ದಶಕದಲ್ಲಿ ರೂಪುಗೊಂಡ, ಶಾಲಾ ಅಂಕಿಅಂಶ ಸಂಗ್ರಹದ ಡೈಸ್ (DISE) ವ್ಯವಸ್ಥೆಯಲ್ಲಿ ಮುಖ್ಯೋಪಾಧ್ಯಾಯರು ಸೆಪ್ಟೆಂಬರ್ 30ರ ಸ್ಥಿತಿಗನುಗುಣವಾಗಿ ಕಾಗದದ ನಮೂನೆಯನ್ನು ತುಂಬುತ್ತಿದ್ದರು. ಅದನ್ನು ಗಣಕಕ್ಕೇರಿಸುವ ಕೆಲಸ ಶಾಲೆಯ ಹೊರಗೆ ನಡೆಯುತ್ತಿತ್ತು. 2012-13ರಲ್ಲಿ ಬಂದ ಯು-ಡೈಸ್ ಪ್ರಾಥಮಿಕದಿಂದ ಉನ್ನತ ಮಾಧ್ಯಮಿಕದವರೆಗಿನ ಶಾಲೆಗಳನ್ನು ಒಂದುಗೂಡಿಸಿತು. ಪ್ರತಿಯೊಂದು ಶಾಲೆಗೂ ಹನ್ನೊಂದು ಅಂಕಿಗಳ ಸಂಕೇತವಿದ್ದು, ಮೊದಲ ಎರಡು ಅಂಕಿಗಳಾದ 29 ಕರ್ನಾಟಕವನ್ನು ಸೂಚಿಸುತ್ತವೆ.

ಶಾಲೆಗೆ ಗಣಕಯಂತ್ರ ಬಂದ ವರ್ಷವನ್ನೇ ಯುಗಾರಂಭವೆಂದು ಎಣಿಸುವುದು ವಾಡಿಕೆಯಾದರೂ, ಕಡತಗಳ ಇತಿಹಾಸದಲ್ಲಿ ಅದಕ್ಕಿಂತ ಗುರುತರವಾದುದು ಲಿಪಿಯ ಪ್ರಶ್ನೆ. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳು ಕನ್ನಡಾಕ್ಷರದ ತುಣುಕುಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಇರಿಸುತ್ತಿದ್ದುದರಿಂದ, ಆ ಫಾಂಟಿಲ್ಲದ ಯಂತ್ರದಲ್ಲಿ ಸುತ್ತೋಲೆಯೂ ಹೆಸರಿನ ಪಟ್ಟಿಯೂ ಅರ್ಥಹೀನ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತಿದ್ದವು. ಯೂನಿಕೋಡಿಗೆ ಪರಿವರ್ತಿಸುವಾಗ ಒತ್ತಕ್ಷರಗಳೂ ಅರ್ಕಾವತ್ತೂ ಸ್ಥಾನಪಲ್ಲಟಗೊಳ್ಳುವ ಭಯವಿತ್ತು. ಪೆನ್‌ಡ್ರೈವಿನಲ್ಲಿ ಪ್ರತಿ ಸುರಕ್ಷಿತವಾಗಿದ್ದರೂ ಓದಲಾಗದಿದ್ದರೆ ಅದನ್ನು ಸಂರಕ್ಷಣೆಯೆಂದು ಕರೆಯುವುದು ಕಷ್ಟ.

ಹೆಸರುಗಳ ವಿಷಯದಲ್ಲಿ ಈ ಕರಾವಳಿಯ ತೊಡಕು ವಿಶಿಷ್ಟವಾದುದು. ಇಲ್ಲಿ ನಾಯ್ಕ ಹಾಗೂ ನಾಯಕ ಎಂಬವು ಭಿನ್ನ ಸಮುದಾಯಗಳ ಉಪನಾಮಗಳು. ರೋಮನ್ ಲಿಪಿಗೆ ಇಳಿಸುವಾಗ ಅವು ಒಂದಾಗಿಬಿಡುವ ಸಂಭವವುಂಟು. ಭಟ್ಕಳದ ನವಾಯತ ಮುಸ್ಲಿಂ ಮನೆತನಗಳ ಹೆಸರುಗಳಾದರೋ ಉರ್ದು, ಕನ್ನಡ, ರೋಮನ್ ಎಂಬ ಮೂರು ಲಿಪಿಗಳಲ್ಲಿ ಸಂಚರಿಸುತ್ತವೆ. ಪ್ರವೇಶವಹಿಯ ಕಾಗುಣಿತವು ಆಧಾರಿನೊಡನೆ ಕೂಡದಿದ್ದಲ್ಲಿ ತಿದ್ದುಪಡಿಯ ಹೊರೆ ಪೋಷಕರ ಮೇಲೂ ಮುಖ್ಯೋಪಾಧ್ಯಾಯರ ಮೇಲೂ ಬೀಳುತ್ತದೆ.

2018-19ರ ಯುಡೈಸ್ ಪ್ಲಸ್ ನೇರವಾಗಿ ಅಂತರ್ಜಾಲದಲ್ಲಿಯೇ ಮಾಹಿತಿಯನ್ನು ದಾಖಲಿಸುವ ಕ್ರಮವನ್ನು ತಂದಿತು. 2022-23ರಿಂದ ಶಾಲಾವಾರು ಮೊತ್ತಗಳ ಬದಲು ಪ್ರತಿಯೊಬ್ಬ ವಿದ್ಯಾರ್ಥಿಯ ವಿವರವೂ ಸಂಗ್ರಹವಾಗತೊಡಗಿತು. ಈ ಲೇಖನದ ದೃಷ್ಟಿಯಲ್ಲಿ ನಿಜವಾದ ತಿರುವು ಇದೇ. ವಿದ್ಯಾರ್ಥಿಗಳ ವಿವರವನ್ನು ಇರಿಸುವ ರಾಜ್ಯದ ಸ್ಯಾಟ್ಸ್ (SATS) ತಂತ್ರಾಂಶವೂ ಮಗುವಿಗೊಂದು ಸ್ಥಿರಸಂಖ್ಯೆಯನ್ನು ಕೊಟ್ಟುದರಿಂದ, ಹೊನ್ನಾವರದ ಶಾಲೆಯನ್ನು ಬಿಟ್ಟು ಕುಮಟೆಯ ಶಾಲೆಗೆ ಸೇರುವ ಬಾಲಕನ ವಿವರವು ವರ್ಗಾವಣೆ ಪತ್ರದ ಜೊತೆಗೆ ಸರ್ವರಿನಲ್ಲಿಯೂ ಸಾಗುತ್ತದೆ.

ದೂರದ ಸರ್ವರು ಸ್ಥಳೀಯ ವಿಪತ್ತಿನಿಂದ ದಾಖಲೆಗೆ ರಕ್ಷಣೆ ಕೊಡುತ್ತದೆಂಬುದು, 2022ರ ಆಗಸ್ಟ್ ಆರಂಭದಲ್ಲಿ ಒಂದೇ ದಿನ 500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದು ಪೇಟೆಯೇ ಜಲಾವೃತವಾದ ಭಟ್ಕಳದಂಥ ಊರಿಗೆ ಸಣ್ಣ ಸಂಗತಿಯಲ್ಲ. ಆದರೆ ಅದೇ ಮಳೆಗಾಲದಲ್ಲಿ ವಿದ್ಯುತ್ತೂ ಸಂಪರ್ಕವೂ ಕಡಿದಾಗ ಆ ಸರ್ವರು ಶಾಲೆಗೆ ಎಟಕುವುದಿಲ್ಲ. ಜನ್ಮದಿನಾಂಕದ ವಿವಾದ ಬಂದಾಗಲಂತೂ ಕಪಾಟಿನಲ್ಲಿರುವ ಪ್ರವೇಶವಹಿಯನ್ನೇ ತೆರೆಯಬೇಕಾಗುತ್ತದೆ. ಇಂಥ ದಾಖಲೆಗಳ ಹಂಚಿಕೆಯ ಮಿತಿಯನ್ನು ಕುರಿತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರ ಮಾಹಿತಿಗೆ ಪೋಷಕರ ಸಮ್ಮತಿಯನ್ನು ವಿಧಿಸಿದೆ. ವಿದ್ಯಾರ್ಥಿಗಳ ರಾಷ್ಟ್ರೀಯ 'ಅಪಾರ್' (APAAR) ಗುರುತುಸಂಖ್ಯೆಗಾಗಿ ಶಾಲೆಗಳು ಪಡೆಯುವ ಸಮ್ಮತಿಪತ್ರಗಳೂ ಕಾಗದದಲ್ಲಿ ಸಹಿಯಾಗಿ ಶಾಲೆಯ ಕಡತ ಸೇರುತ್ತಿವೆ.