ಐದಕ್ಷರದ ಮೈಜೆ

ಉಣ್ಣೆಯ ಗಿರಣಿಗಳ ಊರಾದ ಬ್ರ್ಯಾಡ್‌ಫರ್ಡಿನಲ್ಲಿ ವ್ಯಾಸಂಗಾರ್ಥವಾಗಿ ನಾನು ಕಳೆದ ಎರಡು ಚಳಿಗಾಲಗಳಲ್ಲಿ ನನಗೆ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದ ಮನೆಯೊಡತಿಯವರು ಲಾಟ್ವಿಯ ದೇಶದವರು. ಅವರ ಅಡುಗೆಮನೆಯ ಕಪಾಟಿನಲ್ಲಿ, ಉಪ್ಪಿನ ಜಾಡಿಗೂ ಚಹದ ಡಬ್ಬಿಗೂ ನಡುವೆ, ರಟ್ಟು ಸವೆದು ಅಂಚು ಕಂದಿದ ಒಂದು ನೋಟುಪುಸ್ತಕವಿರುತ್ತಿದ್ದಿತು. ಅದನ್ನು ಮನೆಖರ್ಚಿನ ಲೆಕ್ಕದ ಪುಸ್ತಕವೆಂದೇ ನಾನು ಭಾವಿಸಿದ್ದೆನು. ಒಂದು ಭಾನುವಾರ ಅವರೇ ಅದನ್ನು ತೆಗೆದು ನನ್ನ ಮುಂದಿರಿಸಿದಾಗ ತಿಳಿದುದು ಇಷ್ಟು: ಅವರು ಇಪ್ಪತ್ತರ ತರುಣಿಯಾಗಿದ್ದಾಗ, ಜರ್ಮನಿಯ ನಿರಾಶ್ರಿತರ ಶಿಬಿರವೊಂದರಲ್ಲಿ, ಇಂಗ್ಲಿಷ್ ಭಾಷೆಯನ್ನು ಕಲಿತುದು ಆ ಪುಸ್ತಕದಿಂದ. ಪ್ರತಿ ಪುಟದಲ್ಲಿಯೂ ಎರಡು ಗೀಟುಗಳನ್ನೆಳೆದು ಮೂರು ಅಂಕಣಗಳನ್ನು ಮಾಡಿದ್ದರು. ಎಡಗಡೆ ಇಂಗ್ಲಿಷ್ ಶಬ್ದ. ನಡುವೆ ಅದರ ಉಚ್ಚಾರಣೆ, ಲಾಟ್ವಿಯನ್ ಅಕ್ಷರಗಳಲ್ಲಿ. ಬಲಗಡೆ ಅದರ ಅರ್ಥ, ತಾಯ್ನುಡಿಯಲ್ಲಿ.

ನಡುವಣ ಅಂಕಣವನ್ನು ನೋಡಿದೊಡನೆ ನನಗೆ ನನ್ನ ಬಾಲ್ಯದ ಇಂಗ್ಲಿಷ್ ಪಾಠಪುಸ್ತಕದ ನೆನಪಾಯಿತು. ನುಡಿದಂತೆಯೇ ಬರೆಯುವುದು ಲಾಟ್ವಿಯನ್ ಭಾಷೆಯ ಪದ್ಧತಿ. ಷೇಕ್ಸ್‌ಪಿಯರನ ಹೆಸರನ್ನು ಕೂಡ ತಮ್ಮ ಕಾಗುಣಿತಕ್ಕೆ ಒಗ್ಗಿಸಿ, ತಮ್ಮ ಪುಲ್ಲಿಂಗಪ್ರತ್ಯಯವನ್ನು ತುದಿಗೆ ಸೇರಿಸಿ ‘ಷೆಕ್ಸ್‌ಪೀರ್ಸ್’ ಎಂದು ಅವರು ಬರೆಯುವರು. ಮೂಕಾಕ್ಷರಗಳ ಕಾಟದಿಂದ ಪಾರಾಗಲು ನಾವು ಕನ್ನಡದ ಹುಡುಗರು ಸೀಸದ ಕಡ್ಡಿಯಿಂದ ‘ನೈಫ್’ ಎಂದೂ ‘ಲ್ಯಾಮ್’ ಎಂದೂ ಪುಟದ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದೆವಲ್ಲವೆ, ಅದೇ ಯುಕ್ತಿಯನ್ನು ಬಾಲ್ಟಿಕ್ ಸಮುದ್ರದ ತೀರದ ಹುಡುಗಿಯೊಬ್ಬಳು ತನ್ನಷ್ಟಕ್ಕೆ ತಾನೇ ಕಂಡುಕೊಂಡಿದ್ದಳು.

1944ರಲ್ಲಿ ಸೋವಿಯತ್ ಸೈನ್ಯವು ಎರಡನೆಯ ಬಾರಿ ತಮ್ಮ ದೇಶವನ್ನು ಆಕ್ರಮಿಸುತ್ತ ಬಂದಾಗ ಮನೆಮಾರುಗಳನ್ನು ತೊರೆದು ಪಶ್ಚಿಮಕ್ಕೆ ಹೊರಟ ಲಾಟ್ವಿಯನ್ನರಲ್ಲಿ ಲಕ್ಷಕ್ಕೂ ಮಿಕ್ಕಿದ ಜನ, ಯುದ್ಧ ಮುಗಿದ ಮೇಲೆ, ಜರ್ಮನಿಯ ಶಿಬಿರಗಳಲ್ಲಿ ಉಳಿದರು. ಹಿಂದಿರುಗಲು ಊರಿಲ್ಲ, ಮುಂದೆ ಯಾವ ದೇಶವು ಬಾಗಿಲು ತೆರೆಯುವುದೋ ತಿಳಿಯದು. ಇಂಥ ಸ್ಥಿತಿಯಲ್ಲಿಯೂ ಆ ಜನ ಶಾಲೆಗಳನ್ನು ನಡೆಸಿದರು, ಗಾಯನಮಂಡಲಿಗಳನ್ನು ಕಟ್ಟಿದರು, ಪತ್ರಿಕೆಗಳನ್ನು ಅಚ್ಚುಮಾಡಿದರು. ಮತ್ತು ಇಂಗ್ಲಿಷನ್ನು ಕಲಿತರು. 1946ರ ಕೊನೆಯಲ್ಲಿ ಬ್ರಿಟನ್ ತನ್ನ ಕ್ಷಯರೋಗದ ಆಸ್ಪತ್ರೆಗಳ ಕೆಲಸಕ್ಕೆ ಬಾಲ್ಟಿಕ್ ದೇಶಗಳ ಹೆಂಗಸರನ್ನು ಕರೆಸಿಕೊಳ್ಳಲಾರಂಭಿಸಿತು. ಆ ಯೋಜನೆಗೆ ಇಟ್ಟ ಹೆಸರು ‘ಬಾಲ್ಟ್ ಸಿಗ್ನೆಟ್’, ಅಂದರೆ ಬಾಲ್ಟಿಕ್ಕಿನ ಹಂಸದ ಮರಿ. ನಮ್ಮ ಮನೆಯೊಡತಿಯವರು ಬಂದುದು ಹಾಗೆ, ಮರುವರ್ಷ, ಒಂದು ಪೆಟ್ಟಿಗೆಯನ್ನೂ ಈ ನೋಟುಪುಸ್ತಕವನ್ನೂ ಹಿಡಿದು. ಆದಕಾರಣ ಅದರಲ್ಲಿರುವ ಶಬ್ದಗಳು ಕಾವ್ಯದ ಶಬ್ದಗಳಲ್ಲ: ಹೊದಿಕೆ, ದಿಂಬು, ಟವಲು, ಚಮಚೆ, ಬೀಗದ ಕೈ, ನೋವು, ನೀರು. ಮೊದಲನೆಯ ಪುಟದ ಮೊದಲನೆಯ ಸಾಲು ಇದು: ಎಡಕ್ಕೆ ‘ಬ್ರೆಡ್’, ನಡುವೆ ಅದೇ ಉಚ್ಚಾರಣೆ, ಬಲಕ್ಕೆ ‘ಮೈಜೆ’.

ಈ ‘ಮೈಜೆ’ ಎಂಬ ಮಾತಿನ ವಿಷಯವಾಗಿ ಬರೆಯಬೇಕೆಂಬುದೇ ನನ್ನ ಬಹುಕಾಲದ ಆಸೆ. ಬ್ರೆಡ್ಡೆಂದರೆ ಮೈಜೆ, ಮೈಜೆಯೆಂದರೆ ಬ್ರೆಡ್ಡು ಎಂದು ನಿಘಂಟು ಎರಡು ಪದಗಳಲ್ಲಿ ಮುಗಿಸಿಬಿಡುತ್ತದೆ. ಆದರೆ ಆ ತಾಯಿಗೆ ಮೈಜೆಯೆಂದರೆ ಪೇಟೆಯ ಬಿಳಿಯ ಬ್ರೆಡ್ಡಲ್ಲ. ಅದು ರೈ ಎಂಬ ಧಾನ್ಯದ ಒರಟು ಹಿಟ್ಟಿನದು. ಹಿಟ್ಟಿನ ಒಂದು ಪಾಲನ್ನು ಕುದಿಯುವ ನೀರಿನಿಂದ ಕಲಸಿಟ್ಟು, ಹಿಂದಿನ ಸಲದ ಹುಳಿಹಿಟ್ಟು ಅಂಟಿಕೊಂಡಿರುವ ಮರದ ದೋಣಿಯಲ್ಲಿ ಹುದುಗು ಬರಿಸಿ, ಕಾರವೇ ಬೀಜವನ್ನು ಬೆರೆಸಿ, ಮೇಪಲ್ ಮರದ ಅಗಲವಾದ ಎಲೆಗಳ ಮೇಲಿಟ್ಟು ಒಲೆಯೊಳಕ್ಕೆ ನೂಕುವರು. ಬೆಂದು ಹೊರಬಂದ ಮುದ್ದೆಯ ತಳದಲ್ಲಿ ಎಲೆಯ ನರಗಳು ಅಚ್ಚೊತ್ತಿದಂತೆ ಮೂಡಿರುತ್ತವೆ. ಬಣ್ಣ ನಮ್ಮ ರಾಗಿಮುದ್ದೆಗಿಂತಲೂ ಕಪ್ಪು, ರುಚಿ ಸಿಹಿಹುಳಿ. ಅಂಥದೊಂದನ್ನು ಅವರು ಪ್ರತಿ ಶನಿವಾರ ಮಾಡುತ್ತಿದ್ದರು. ಒಮ್ಮೆ ನನ್ನ ಕೈಜಾರಿ ಒಂದು ಹೋಳು ನೆಲಕ್ಕೆ ಬಿದ್ದಿತು. ನಾನು ಬಗ್ಗುವುದಕ್ಕೆ ಮೊದಲೇ ಅವರು ಅದನ್ನೆತ್ತಿ, ತುಟಿಗೆ ತಾಗಿಸಿ ಮುದ್ದಿಟ್ಟು, ತಟ್ಟೆಯಲ್ಲಿರಿಸಿದರು. ಬಿದ್ದ ಮೈಜೆಯನ್ನು ಹಾಗೆ ಮುದ್ದಿಟ್ಟು ಎತ್ತುವುದು ಅವರ ನಾಡಿನ ಆಚಾರವಂತೆ. ಅನ್ನಕ್ಕೆ ಕಾಲು ತಾಕಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ನನ್ನ ಅಜ್ಜಿ ಕಲಿಸಿದ್ದುದನ್ನು ನಾನು ಅವರಿಗೆ ಹೇಳಿದೆನು. ಆ ದಿನದಿಂದ ನನ್ನ ಬಾಡಿಗೆ ಹೆಚ್ಚಲಿಲ್ಲವೆಂಬುದನ್ನೂ, ತಟ್ಟೆಯಲ್ಲಿನ ಹೋಳುಗಳ ಸಂಖ್ಯೆ ಮಾತ್ರ ಹೆಚ್ಚಿತೆಂಬುದನ್ನೂ ಕೃತಜ್ಞತೆಯಿಂದ ಇಲ್ಲಿ ಬರೆಯುತ್ತೇನೆ.

ಈ ಒಂದು ಮಾತಿನಿಂದ ಆ ಭಾಷೆಯಲ್ಲಿ ಹುಟ್ಟಿದ ಸಂತತಿ ದೊಡ್ಡದು. ಬೆಣ್ಣೆ ಸವರಿದ ಹೋಳು ‘ಸ್ವಿಯೆಸ್ಟ್‌ಮೈಜೆ’, ಅಂದರೆ ಬೆಣ್ಣೆಮೈಜೆ. ಇಂಗ್ಲಿಷಿನ ಸ್ಯಾಂಡ್‌ವಿಚ್ಚಿಗೆ ನೋಟುಪುಸ್ತಕದಲ್ಲಿ ಕೊಟ್ಟಿರುವ ಅರ್ಥವೂ ಅದೇ, ಇಂಗ್ಲಿಷರದಕ್ಕೆ ಎರಡು ಹೋಳು ಬೇಕು, ಲಾಟ್ವಿಯನ್ನರದಕ್ಕೆ ಒಂದೇ ಸಾಕು ಎಂಬ ಭೇದವಿದ್ದರೂ. ಹೊಸ ಮನೆಗೆ ಹೋದವರಿಗೆ ಉಪ್ಪನ್ನೂ ಮೈಜೆಯನ್ನೂ ಒಯ್ದು ಕೊಡುವ ಶುಭಾಚಾರಕ್ಕೆ ‘ಸಾಲ್ಸ್‌ಮೈಜೆ’ ಎಂದು ಹೆಸರು. ಉಪ್ಪುಮೈಜೆಯೆಂದೇ ಅದರ ಅರ್ಥ. ಇನ್ನೊಬ್ಬರ ಬಳಿ ಊಳಿಗಕ್ಕೆ ಸೇರುವುದೆಂದರೆ ಅವರ ಮೈಜೆಯೊಳಕ್ಕೆ ಹೋಗುವುದು. ಸ್ವತಂತ್ರವಾಗಿ ಜೀವಿಸುವುದೆಂದರೆ ತನ್ನ ಮೈಜೆಯಲ್ಲಿ ತಾನಿರುವುದು.

ಈ ಪ್ರಯೋಗವನ್ನು ಕೇಳಿದಾಗ ನನ್ನ ಮನಸ್ಸು ಸಾವಿರ ವರ್ಷ ಹಿಂದಕ್ಕೆ, ಪಂಪನ ಕಾಲದ ಕನ್ನಡಕ್ಕೆ ಹೋಯಿತು. ಒಡೆಯನು ಹಾಕಿದ ಜೋಳವನ್ನುಂಡ ಭಟನು ಪ್ರಾಣವನ್ನಿತ್ತಾದರೂ ಆ ಋಣವನ್ನು ತೀರಿಸಬೇಕೆಂಬ ಧರ್ಮಕ್ಕೆ ನಮ್ಮ ಪೂರ್ವಿಕರು ‘ಜೋಳವಾಳಿ’ ಎಂದರು. ಇಂಗ್ಲಿಷರಾದರೋ ಇದೇ ಭಾವವನ್ನು ಶಬ್ದದ ಗರ್ಭದಲ್ಲಿ ಅಡಗಿಸಿ ಮರೆತಿದ್ದಾರೆ. ಅವರ ‘ಲಾರ್ಡ್’ ಎಂಬ ಗೌರವಪದವು ಪ್ರಾಚೀನ ಇಂಗ್ಲಿಷಿನಲ್ಲಿ ‘ಹ್ಲಾಫ್‌ವೆಅರ್ಡ್’ ಆಗಿದ್ದಿತು. ರೊಟ್ಟಿಯನ್ನು ಕಾಯುವವನು ಎಂದರ್ಥ. ‘ಲೇಡಿ’ ಎಂಬುದು ರೊಟ್ಟಿಯ ಹಿಟ್ಟನ್ನು ನಾದುವವಳು. ಕೆಂಟ್ ಪ್ರಾಂತದ ದೊರೆ ಎಥೆಲ್‌ಬರ್ಟನ ಅತಿಪ್ರಾಚೀನವಾದ ಶಾಸನಸಂಹಿತೆಯಲ್ಲಿ ಆಶ್ರಿತನಾದ ಆಳಿಗೆ ‘ರೊಟ್ಟಿಯನ್ನುಣ್ಣುವವನು’ ಎಂಬ ಅರ್ಥದ ಹೆಸರೇ ಇದೆ. ಆ ‘ಹ್ಲಾಫ್’ ಇಂದು ಸವೆದು ‘ಲೋಫ್’ ಆಗಿದೆ. ಅದರದೇ ದಾಯಾದಿಯಾದ ಜರ್ಮಾನಿಕ್ ಪದವೊಂದು ಬಹುಹಿಂದೆಯೇ ಲಾಟ್ವಿಯನ್ನಿಗೆ ಸೇರಿ ‘ಕ್ಲೈಪ್ಸ್’ ಆಗಿ, ಇಡಿಯ ರೊಟ್ಟಿಯೊಂದನ್ನು ಸೂಚಿಸುತ್ತದೆ. ಪುಸ್ತಕದಲ್ಲಿ ‘ಲೋಫ್’ ಮತ್ತು ‘ಕ್ಲೈಪ್ಸ್’ ಒಂದೇ ಸಾಲಿನ ಎರಡು ತುದಿಗಳಲ್ಲಿ, ಶತಮಾನಗಳ ಮೇಲೆ ಸಂಧಿಸಿದ ನೆಂಟರು ಪರಸ್ಪರ ಗುರುತು ಹತ್ತದೆ ಕುಳಿತಿರುವಂತೆ, ಕುಳಿತಿದ್ದುವು.

ನೆಂಟತನದ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ರೊಟ್ಟಿಯ ತುದಿಯ ಗಟ್ಟಿ ತುಣುಕಿಗೆ ಲಾಟ್ವಿಯನ್ನಿನಲ್ಲಿ ‘ದುವೊನ’ ಎನ್ನುವರು. ನೆರೆಯ ಲಿಥುವೇನಿಯದಲ್ಲಿ ಅದೇ ಮಾತು ಇಡೀ ರೊಟ್ಟಿಗೇ ಹೆಸರಾಗಿದೆ. ಭಾಷಾಶಾಸ್ತ್ರಜ್ಞರು ಇದನ್ನು ವೇದದ ‘ಧಾನಾ’ ಎಂಬ, ಹುರಿದ ಕಾಳನ್ನು ಹೇಳುವ ಶಬ್ದದೊಡನೆ ಸೇರಿಸುತ್ತಾರೆ. ನಾವು ನಿತ್ಯವೂ ಆಡುವ ‘ಧಾನ್ಯ’ವು ಅದೇ ಕುಲದ್ದು. ‘ಮೈಜೆ’ಯನ್ನಾದರೋ ಬಾರ್ಲಿಯ ಲಾಟ್ವಿಯನ್ ಹೆಸರಾದ ‘ಮಿಯೆಜಿ’ಯ ಬಳಗಕ್ಕೆ ಸೇರಿಸುವರು.

ಇನ್ನು ಕೋಳಿಗಳ ಪ್ರಸಂಗ. ಅವರು ಬ್ರಿಟನ್ನಿಗೆ ಬಂದಾಗ ಅಲ್ಲಿ ಬ್ರೆಡ್ಡಿಗೂ ಪಡಿತರವಿದ್ದಿತು; 1946ರ ಜುಲೈಯಿಂದ 1948ರ ಜುಲೈಯವರೆಗೆ ಆ ನಿಯಂತ್ರಣ ನಡೆಯಿತು. ಅವರು ಕೆಲಸಕ್ಕಿದ್ದ ಆಸ್ಪತ್ರೆಯ ಹಿತ್ತಿಲಿನಲ್ಲಿ ಕೋಳಿಗಳನ್ನು ಸಾಕಿದ್ದರು. ಒಂದು ಬೆಳಿಗ್ಗೆ ಕೋಳಿಗೂಡಿನ ಪಕ್ಕದಲ್ಲಿ ಒಂದು ಗೋಣಿಚೀಲ. ಅದರ ಮೇಲೆ ಕಪ್ಪು ಶಾಯಿಯಲ್ಲಿ ದಪ್ಪವಾಗಿ ಎಂ, ಎ, ಐ, ಜೆಡ್, ಇ ಎಂಬ ಐದಕ್ಷರಗಳು. ಬ್ರಿಟನ್ನಿಗೆ ಬಂದ ಮೇಲೆ ತಮ್ಮ ಭಾಷೆಯ ಪದವೊಂದು ಬಹಿರಂಗವಾಗಿ ಬರೆದಿರುವುದನ್ನು ಅವರು ಕಂಡುದು ಅದೇ ಮೊದಲು. ಅಕ್ಷರಕ್ಕೆ ಅಕ್ಷರವೂ ಅದೇ: ಮೈಜೆ! ಓಡಿಹೋಗಿ ನೋಡಿದರೆ ಒಳಗೆ ಹಳದಿಯ ಒಣಕಾಳುಗಳು. ಕೆಲಸದವನೊಬ್ಬನು ಅದನ್ನು ಬೊಗಸೆಬೊಗಸೆಯಾಗಿ ಮೊಗೆದು ನೆಲದ ಮೇಲೆ ಎರಚುತ್ತಿದ್ದನು. ಮನುಷ್ಯರಿಗೆ ಅಳೆದು ಕೊಡುವ ವಸ್ತುವನ್ನು ಕೋಳಿಗಳಿಗೆ, ಅದರಲ್ಲಿಯೂ ಮಣ್ಣಿಗೆ, ಚೆಲ್ಲುವ ಈ ದೇಶ ಎಂಥದು ಎಂದು ಒಂದು ಕ್ಷಣ ಅವರ ಎದೆ ಹಾರಿತಂತೆ. ಆಮೇಲೆ ವಿಷಯ ಸ್ಪಷ್ಟವಾಯಿತು. ಕೆರಿಬಿಯನ್ ದ್ವೀಪಗಳ ತಾಯ್ನೊ ಜನರ ಬಾಯಿಂದ ಸ್ಪೇನಿನವರು ಎತ್ತಿಕೊಂಡು, ಅವರಿಂದ ಇಂಗ್ಲಿಷರು ಪಡೆದ ಆ ‘ಮೇಯ್ಜ್’ ಎಂಬ ಶಬ್ದಕ್ಕೂ ಬಾಲ್ಟಿಕ್ಕಿನ ‘ಮೈಜೆ’ಗೂ ಅಕ್ಷರಸಾಮ್ಯವಲ್ಲದೆ ಬೇರೆ ಯಾವ ಸಂಬಂಧವೂ ಇಲ್ಲ. ಆ ಕಾಳು ನಮ್ಮ ಮುಸುಕಿನ ಜೋಳ, ಧಾರವಾಡದ ಕಡೆಯವರ ಗೋವಿನ ಜೋಳ. ಲಾಟ್ವಿಯನ್ನರಿಗೆ ಅದು ‘ಕುಕುರೂಜ’.

ಹೊಸ ಕಾಳು ಬಂದಾಗ ನಾವು ಹಳೆಯ ಜೋಳದ ಹೆಸರಿಗೇ ಒಂದು ವಿಶೇಷಣವನ್ನು ಸೇರಿಸಿ ಅದನ್ನು ಬಳಗಕ್ಕೆ ಸೇರಿಸಿಕೊಂಡೆವು. ಇಂಗ್ಲಿಷರೂ ಹಾಗೆಯೇ, ಧಾನ್ಯಸಾಮಾನ್ಯಕ್ಕಿದ್ದ ‘ಕಾರ್ನ್’ ಎಂಬ ಹೆಸರಿನ ಹಿಂದೆ ‘ಇಂಡಿಯನ್’ ಎಂಬುದನ್ನು ಹಚ್ಚಿದರು. ಅಮೆರಿಕದಲ್ಲಿ ಆ ವಿಶೇಷಣ ಕಳಚಿಬಿದ್ದು ‘ಕಾರ್ನ್’ ಎಂದರೆ ಮುಸುಕಿನ ಜೋಳವೊಂದೇ ಎಂದಾಯಿತು. ಯುದ್ಧೋತ್ತರ ಜರ್ಮನಿಯಲ್ಲಿ, ಬ್ರೆಡ್ಡಿನ ಧಾನ್ಯವೆಂಬ ಅರ್ಥದಲ್ಲಿ ಜರ್ಮನರು ‘ಕೋರ್ನ್’ ಬೇಕೆಂದುದನ್ನು ಅಮೆರಿಕನ್ನರು ತಮ್ಮ ‘ಕಾರ್ನ್’ ಎಂದು ತಿಳಿದು ಮುಸುಕಿನ ಜೋಳವನ್ನು ಕಳುಹಿಸಿದರೆಂಬ ಕಥೆಯೊಂದು ಪ್ರಚಾರದಲ್ಲಿದೆ. ಕಥೆ ಹೇಗೇ ಇರಲಿ, ಆ ವರ್ಷಗಳಲ್ಲಿ ಅಲ್ಲಿ ಜೋಳದ ಹಿಟ್ಟು ಬೆರೆತ ಹಳದಿಯ ಬ್ರೆಡ್ಡನ್ನು ಜನ ತಿಂದುದು ನಿಜ.

ಕೋಳಿಗೂಡಿನ ಬಳಿ ಆ ಚೀಲವನ್ನು ಕಂಡ ದಿನದ ರಾತ್ರಿ ಅವರು ಪುಸ್ತಕದಲ್ಲಿ ಬರೆದ ಸಾಲನ್ನು ನಾನು ಕಂಡಿದ್ದೇನೆ. ಅನ್ಯರ ಶಬ್ದಗಳಿಗೆಂದು ಮೀಸಲಾದ ಎಡಗಡೆಯ ಅಂಕಣದಲ್ಲಿ ತಮ್ಮ ತಾಯಿಯ ಮಾತೇ, ಅದೇ ಐದಕ್ಷರಗಳಲ್ಲಿ, ನಡುವೆ ಅದರ ಇಂಗ್ಲಿಷ್ ಉಚ್ಚಾರಣೆ, ಬಲಕ್ಕೆ ‘ಕುಕುರೂಜ’. ಅದರ ಕೆಳಗೆ, ಕಡ್ಡಿಯನ್ನು ಕಾಗದ ಹರಿಯುವಷ್ಟು ಒತ್ತಿ, ‘ನವ್ ಮೈಜೆ’ ಎಂಬ ಎರಡು ಪದಗಳು. ‘ಮೈಜೆಯಲ್ಲ’ ಎಂದು ಅರ್ಥ.

ಇಂಗ್ಲಿಷನ್ನು ಇಂಗ್ಲಿಷಿನ ಮೂಲಕವೇ ಕಲಿಸಬೇಕು, ತಾಯ್ನುಡಿಯ ಅರ್ಥವನ್ನು ಪಕ್ಕದಲ್ಲಿ ಬರೆದುಕೊಳ್ಳುವುದು ವಿದ್ಯಾರ್ಥಿಯ ದೌರ್ಬಲ್ಯ ಎಂದು ಬೋಧಿಸುವ ಪಂಡಿತರನ್ನು ನಾನು ಕಂಡಿದ್ದೇನೆ. ಅವರ ಮಾತನ್ನು ಒಪ್ಪಲಾರೆನು. ಬಲಗಡೆಯ ಆ ಮೂರನೆಯ ಅಂಕಣವಿಲ್ಲದಿದ್ದರೆ ಮೈಜೆಯಾವುದು, ಮೈಜೆಯಲ್ಲದ್ದು ಯಾವುದು ಎಂಬ ವಿವೇಕವೇ ಆ ತರುಣಿಗೆ ಹುಟ್ಟುತ್ತಿರಲಿಲ್ಲ. ಆ ಪುಸ್ತಕದ ಇನ್ನೊಂದು ಪುಟದಲ್ಲಿ ‘ರುವೊಕ’ ಎಂಬ ಒಂದೇ ಲಾಟ್ವಿಯನ್ ಪದದ ಎದುರಿಗೆ ‘ಹ್ಯಾಂಡ್’ ಮತ್ತು ‘ಆರ್ಮ್’ ಎಂಬ ಎರಡನ್ನೂ ಆವರಣಚಿಹ್ನೆಯಿಂದ ಬಂಧಿಸಿದ್ದಾರೆ. ‘ಕಾಯ’ಕ್ಕೆ ‘ಫುಟ್’ ಮತ್ತು ‘ಲೆಗ್’. ‘ಪಿರ್ಕ್‌ಸ್ಟ್ಸ್’ಗೆ ‘ಫಿಂಗರ್’ ಮತ್ತು ‘ಟೋ’. ಕೈ, ಕಾಲು, ಬೆರಳು ಎಂಬ ಮೂರು ಮಾತುಗಳಿಂದ ಸಂಸಾರ ನಡೆಸುವ ನನಗೆ ಆ ಆವರಣಚಿಹ್ನೆಗಳು ಎಷ್ಟು ಆಪ್ತವಾಗಿ ಕಂಡುವು! ಇಂಗ್ಲಿಷರು ತಲೆನೋವನ್ನು ‘ಹೊಂದಿರುವರು’, ಅಕ್ಕತಂಗಿಯರನ್ನೂ ‘ಹೊಂದಿರುವರು’. ಲಾಟ್ವಿಯನ್ನನಾದರೋ ‘ಮನ್ ಸಾಪ್ ಗಲ್ವ’ ಎಂದು, ನನಗೆ ತಲೆ ನೋಯುತ್ತದೆಯೆಂದೇ, ಹೇಳುತ್ತಾನೆ. ‘ಮನ್ ಇರ್ ದಿವಸ್ ಮಾಸಸ್’ ಎಂದು, ನನಗೆ ಇಬ್ಬರು ಸೋದರಿಯರಿದ್ದಾರೆಯೆಂದೇ, ಹೇಳುತ್ತಾನೆ. ಚತುರ್ಥೀ ವಿಭಕ್ತಿಯ ಈ ಸೌಜನ್ಯವನ್ನು ಕನ್ನಡದಲ್ಲಿ ಅನುಭವಿಸಿ ಬಲ್ಲ ನನಗೂ ಅದು ಗುಣವೆಂದು ಕಂಡುದು ಆ ನೋಟುಪುಸ್ತಕದ ಎದುರಿಗೆ.

ನಾನು ಊರಿಗೆ ಹೊರಡುವ ಹಿಂದಿನ ದಿನ ಅವರು ಪುಸ್ತಕವನ್ನು ಮೊದಲ ಪುಟಕ್ಕೆ ತೆರೆದು, ಬಲದ ಅಂಚಿನಲ್ಲಿ ಅಡಿಗೋಲಿನಿಂದ ಇನ್ನೊಂದು ಗೀಟನ್ನೆಳೆದು, ‘ನಿನ್ನ ಭಾಷೆಯದನ್ನು ಇಲ್ಲಿ ಬರೆ’ ಎಂದರು. ಮೊದಲ ಸಾಲಿಗೇ ನನ್ನ ಕೈ ನಿಂತಿತು. ಬ್ರೆಡ್ಡಿಗೆ ‘ರೊಟ್ಟಿ’ ಎಂದು ಬರೆಯುವುದು ಸುಲಭ. ಆದರೆ ಮುದ್ದಿಟ್ಟು ಎತ್ತಿದ ಆ ಹೋಳಿಗೆ? ಕ್ರೈಸ್ತರ ಪ್ರಾರ್ಥನೆಯಲ್ಲಿ ದಿನದಿನವೂ ಬೇಡುವ ರೊಟ್ಟಿಯನ್ನು ಕನ್ನಡಕ್ಕೆ ತಂದವರೂ ಇದೇ ಸಂದಿಗ್ಧದಲ್ಲಿ ನಿಂತು ‘ಆಹಾರ’ವೆಂಬ ಮಾತನ್ನು ಆರಿಸಿಕೊಂಡರು. ನಾನು ಬಹಳ ಹೊತ್ತು ಯೋಚಿಸಿ, ಎಡದ ‘ಬ್ರೆಡ್’ ಪದದ ತಲೆಯ ಮೇಲೆ ಸಣ್ಣದಾಗಿ ‘ರೊಟ್ಟಿ’ ಎಂದೂ, ‘ಮೈಜೆ’ಯ ಪಕ್ಕದ ಹೊಸ ಅಂಕಣದಲ್ಲಿ ‘ಅನ್ನ’ ಎಂದೂ ಬರೆದೆನು. ಒಂದೇ ಸಾಲಿಗೆ ಎರಡು ಮಾತು ಏಕೆಂದು ಅವರು ಕೇಳಲಿಲ್ಲ. ಎರಡನೆಯದನ್ನು ಹೇಗೆ ನುಡಿಯುವುದು ಎಂದಷ್ಟೇ ಕೇಳಿ, ನನ್ನ ಬಾಯಿಂದ ಎರಡು ಸಲ ಹೇಳಿಸಿ, ಅದರ ಕೆಳಗೆ ತಮ್ಮ ಅಕ್ಷರಗಳಲ್ಲಿ ಬರೆದುಕೊಂಡರು. ಬರೆದುದನ್ನು ಓದಿ ನಕ್ಕರು. ‘ಅನ್ನ ಎಂಬುದು ನಮ್ಮಲ್ಲಿ ಹೆಂಗಸರ ಹೆಸರು,’ ಎಂದರು. ‘ನನಗೆ ಮೈಜೆಯನ್ನು ನಾದುವುದನ್ನು ಕಲಿಸಿದ ದೊಡ್ಡಮ್ಮನ ಹೆಸರು ಅದೇ.’